ಸಂಗೀತದ ಹಿಂದೆ ‘ಗುಂಯ್’ ಸದ್ದು: ಮೂಲ ಹುಡುಕಿ, ಆದರೆ ಮೂರನೇ ಪಿನ್ ಕೀಳಬೇಡಿ

ಆಂಪ್ಲಿಫೈಯರ್ ಹೊಸದು, ಸ್ಪೀಕರ್ ದುಬಾರಿಯದು. ಆದರೂ ಆಲಾಪನೆಯ ನಡುವೆ ಗಾಯಕರು ಉಸಿರೆಳೆದುಕೊಳ್ಳುವ ಒಂದು ಕ್ಷಣದ ಮೌನದಲ್ಲಿ ಸ್ಪೀಕರಿನಿಂದ ‘ಗುಂಯ್’ ಎಂಬ ಸದ್ದು ತೂರಿಬರುತ್ತದೆ. ಇಲ್ಲವೇ ದೂರದಲ್ಲೆಲ್ಲೋ ಮಳೆ ಸುರಿಯುತ್ತಿದೆಯೇನೋ ಎಂಬಂಥ ‘ಸುಸ್ಸ್’ ಸದ್ದು ಹಾಡಿನುದ್ದಕ್ಕೂ ಹಿಂಬಾಲಿಸುತ್ತದೆ. ಅಂಗಡಿಯಲ್ಲಿ ಕೇಳಿದಾಗ ಇಲ್ಲದ ಈ ಸದ್ದು ಮನೆಗೆ ತಂದೊಡನೆ ಹುಟ್ಟಿಕೊಂಡದ್ದಾದರೂ ಎಲ್ಲಿಂದ?

ಇಂಥ ಸಂದರ್ಭದಲ್ಲಿ ಬಹುತೇಕರು ಆಂಪ್ಲಿಫೈಯರನ್ನೇ ದೂರುತ್ತಾರೆ, ದುರಸ್ತಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಅದು ಸದ್ದಿಲ್ಲದೆ ಹಾಡುತ್ತದೆ! ಇನ್ನು ಕೆಲವರು ಯಾರದೋ ಮಾತು ಕೇಳಿ ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕುತ್ತಾರೆ. ಸದ್ದೇನೋ ನಿಲ್ಲುತ್ತದೆ. ಮೊದಲನೆಯದರಿಂದ ಹಣ ವ್ಯರ್ಥ. ಎರಡನೆಯದರಿಂದ ಜೀವಕ್ಕೇ ಅಪಾಯ. ವಾಸ್ತವವಾಗಿ ಈ ಬೇಡದ ಸದ್ದು ತನ್ನ ವಿಳಾಸವನ್ನು ತಾನೇ ಹೇಳುತ್ತಿರುತ್ತದೆ. ಸ್ವಲ್ಪ ತಾಳ್ಮೆಯಿಂದ ಕಿವಿಗೊಟ್ಟರೆ, ಯಾವ ಉಪಕರಣವನ್ನೂ ಬಿಚ್ಚದೆಯೇ ಅದರ ಮೂಲವನ್ನು ಗುರುತಿಸಬಹುದು.

ಎರಡು ಸದ್ದು, ಎರಡು ಮೂಲ

ಧ್ವನಿ ತಂತ್ರಜ್ಞರು ‘ಗುಂಯ್’ ಸದ್ದನ್ನು ‘ಹಮ್’ ಎಂದೂ ‘ಸುಸ್ಸ್’ ಸದ್ದನ್ನು ‘ಹಿಸ್’ ಎಂದೂ ಕರೆಯುತ್ತಾರೆ. ಕೇಳುವವರಿಗೆ ಎರಡೂ ಕಿರಿಕಿರಿಯೇ. ಆದರೆ ಇವುಗಳ ಹುಟ್ಟು ಬೇರೆ ಬೇರೆ.

ಹಮ್ ಹುಟ್ಟುವುದು ಮನೆಯ ವಿದ್ಯುತ್ತಿನಿಂದ. ನಮ್ಮಲ್ಲಿ ಸರಬರಾಜಾಗುವುದು 230 ವೋಲ್ಟ್‌ನ, ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುವ ಎಸಿ ವಿದ್ಯುತ್. ಈ 50 ಹರ್ಟ್ಸ್ ಕಂಪನ ಹೇಗೋ ಧ್ವನಿಯ ಮಾರ್ಗದೊಳಗೆ ನುಸುಳಿದರೆ ಆಳವಾದ, ಮಂದ್ರ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ. ಎಸಿಯನ್ನು ಡಿಸಿಯಾಗಿ ಪರಿವರ್ತಿಸುವ ಆಂಪ್ಲಿಫೈಯರಿನ ಒಳಭಾಗದಲ್ಲಿ ತೊಂದರೆ ಇದ್ದರೆ ಸದ್ದು 100 ಹರ್ಟ್ಸ್‌ನದಾಗಿರುತ್ತದೆ. ತುಸು ಏರಿದ ಸ್ಥಾಯಿ, ತುಸು ಒರಟು.

ಸಂಗೀತ ಬಲ್ಲವರಿಗೆ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಒಂದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ‘ಬಿಳಿ ಒಂದು’ ಆಧಾರ ಷಡ್ಜವಾಗಿರುವಂತೆ ಹಾಡುವ ಗಾಯಕರ ತಂಬೂರಿಯ ಪಂಚಮದ ತಂತಿ ಸುಮಾರು 98 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. 100 ಹರ್ಟ್ಸ್‌ನ ಹಮ್ ಅದರ ಪಕ್ಕದಲ್ಲೇ, ತುಸು ಶ್ರುತಿ ತಪ್ಪಿ ನಿಲ್ಲುತ್ತದೆ. ಹಿಂದಿನಿಂದ ಇನ್ನೊಂದು ಅಪಶ್ರುತಿಯ ತಂಬೂರಿ ನುಡಿದಂತೆ! ಶಾಸ್ತ್ರೀಯ ಸಂಗೀತ ಕೇಳುವವರನ್ನು ಈ ಸದ್ದು ಹೆಚ್ಚು ಕಾಡುವುದು ಇದೇ ಕಾರಣಕ್ಕೆ.

ಹಿಸ್‌ಗೆ ಮನೆಯ ವಿದ್ಯುತ್ತಿನ ಸಂಬಂಧವಿಲ್ಲ. ಅದಕ್ಕೆ ನಿಶ್ಚಿತ ಶ್ರುತಿಯೂ ಇಲ್ಲ. ಅದು ಎಲ್ಲ ಕಂಪನಗಳೂ ಬೆರೆತ ಸದ್ದು; ಹುಟ್ಟುವುದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಒಳಗೆ. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಕಿವಿಗೆ ಕೆಲಸ ಕೊಡಿ

ಶೋಧದ ಮೊದಲ ಹೆಜ್ಜೆ ತೀರಾ ಸರಳ. ಸದ್ದು ಬರುತ್ತಿರುವುದು ಸ್ಪೀಕರಿನಿಂದಲೋ ಅಥವಾ ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೋ ಎಂಬುದನ್ನು ಹತ್ತಿರ ಹೋಗಿ ಆಲಿಸಿ. ಪೆಟ್ಟಿಗೆಯೇ ಗುಂಯ್ ಎನ್ನುತ್ತಿದ್ದರೆ ಅದು ಒಳಗಿನ ಟ್ರಾನ್ಸ್‌ಫಾರ್ಮರ್ ಅದುರುವ ಸದ್ದು. ಯಾವ ತಂತಿ ಬದಲಿಸಿದರೂ ಅದು ಹೋಗದು.

ಸದ್ದು ಸ್ಪೀಕರಿನದ್ದೇ ಎಂದು ಖಚಿತವಾದರೆ ವಾಲ್ಯೂಮ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ವಾಲ್ಯೂಮ್ ಏರಿಸಿದಂತೆ ಸದ್ದೂ ಏರಿ, ಇಳಿಸಿದಂತೆ ಇಳಿದರೆ, ಅದು ಗುಂಡಿಗಿಂತ ಮುಂಚಿನ ಭಾಗದಿಂದ, ಅಂದರೆ ಟಿ.ವಿ., ಕಂಪ್ಯೂಟರ್, ಸಿ.ಡಿ. ಪ್ಲೇಯರ್‌ಗಳಿಂದ ಅಥವಾ ಅವುಗಳಿಂದ ಬರುವ ಕೇಬಲ್‌ಗಳಿಂದ ಬರುತ್ತಿದೆ ಎಂದರ್ಥ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಸದ್ದು ಹಾಗೆಯೇ ಉಳಿದರೆ ದೋಷ ಗುಂಡಿಯ ನಂತರದ ಭಾಗದಲ್ಲಿದೆ, ಅಂದರೆ ಬಹುತೇಕ ಆಂಪ್ಲಿಫೈಯರಿನ ಒಳಗೇ ಇದೆ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಶೋಧ ಮುಗಿಯುತ್ತದೆ.

ಹಳೆಯ ಆಂಪ್ಲಿಫೈಯರ್‌ಗಳಲ್ಲಿ ವಾಲ್ಯೂಮಿಗೆ ಜಗ್ಗದ 100 ಹರ್ಟ್ಸ್ ಹಮ್ ಸಾಮಾನ್ಯ. ಡಿಸಿಯನ್ನು ಏರಿಳಿತವಿಲ್ಲದಂತೆ ಸಮಗೊಳಿಸುವ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಳು ಕಳೆದಂತೆ, ಅದರಲ್ಲೂ ಬಿಸಿಯಲ್ಲಿ, ಒಣಗಿ ಸಾಮರ್ಥ್ಯ ಕಳೆದುಕೊಳ್ಳುತ್ತವೆ. ಇದನ್ನು ಬದಲಿಸುವುದು ತಂತ್ರಜ್ಞರ ಕೆಲಸ. ಪ್ಲಗ್ ತೆಗೆದ ನಂತರವೂ ಈ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ ಎಂಬುದು ನೆನಪಿರಲಿ. ಪೆಟ್ಟಿಗೆಯ ಮುಚ್ಚಳ ತೆರೆಯುವ ಸಾಹಸ ಬೇಡ.

ಎಲ್ಲವನ್ನೂ ಕಳಚಿ, ಒಂದೊಂದಾಗಿ ಜೋಡಿಸಿ

ಸದ್ದು ವಾಲ್ಯೂಮಿನ ಜತೆ ಏರಿಳಿಯುತ್ತಿದ್ದರೆ ಮುಂದಿನ ಹೆಜ್ಜೆ ಹೀಗಿರಲಿ. ಮೊದಲು ಆಂಪ್ಲಿಫೈಯರ್ ಆಫ್ ಮಾಡಿ. ಕೆಂಪು-ಬಿಳಿ ಪಿನ್ನುಗಳ ಆರ್‌ಸಿಎ ಕೇಬಲ್ ಕಳಚುವಾಗ ಹೊರಗಿನ ಬಳೆ ಮೊದಲು ಬಿಟ್ಟು, ನಡುವಿನ ಮೊಳೆ ಆಮೇಲೆ ಬಿಡುತ್ತದೆ. ಆಂಪ್ಲಿಫೈಯರ್ ಚಾಲನೆಯಲ್ಲಿದ್ದರೆ ಆ ಕ್ಷಣದಲ್ಲಿ ಹೊಮ್ಮುವ ಭಾರಿ ಸದ್ದು ಸ್ಪೀಕರನ್ನು ಹಾಳುಮಾಡಬಲ್ಲದು.

ಈಗ ಆಂಪ್ಲಿಫೈಯರಿಗೆ ಬರುವ ಎಲ್ಲ ಕೇಬಲ್‌ಗಳನ್ನೂ ತೆಗೆದು, ಸ್ಪೀಕರುಗಳನ್ನು ಮಾತ್ರ ಉಳಿಸಿ ಆನ್ ಮಾಡಿ. ಸದ್ದು ಮಾಯವಾಗಿದೆಯೇ? ಹಾಗಾದರೆ ಆಂಪ್ಲಿಫೈಯರ್ ನಿರ್ದೋಷಿ. ನಂತರ ಒಂದೊಂದೇ ಉಪಕರಣವನ್ನು ಮತ್ತೆ ಜೋಡಿಸುತ್ತ ಬನ್ನಿ. ಪ್ರತಿ ಬಾರಿಯೂ ಆಫ್ ಮಾಡಿ, ಜೋಡಿಸಿ, ಆನ್ ಮಾಡಿ, ಆಲಿಸಿ. ಯಾವುದನ್ನು ಜೋಡಿಸಿದಾಗ ಸದ್ದು ಮರಳುವುದೋ ಅಲ್ಲಿ ನಿಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಉಪಕರಣವನ್ನು ಆಫ್ ಮಾಡಿದ ಮಾತ್ರಕ್ಕೆ ಅದನ್ನು ಶಂಕಿತರ ಪಟ್ಟಿಯಿಂದ ಕೈಬಿಡುವಂತಿಲ್ಲ. ಸ್ವಿಚ್ ಆಫ್ ಆಗಿದ್ದರೂ ಅದರ ಲೋಹದ ಕವಚ ಮತ್ತು ತಂತಿಗಳು ಬೆಸೆದೇ ಇರುತ್ತವೆ. ಆದ್ದರಿಂದ ಕೇಬಲನ್ನು ನಿಜವಾಗಿಯೂ ಕಳಚಿಯೇ ಪರೀಕ್ಷಿಸಬೇಕು. ಸೆಟ್‌ಟಾಪ್ ಬಾಕ್ಸ್ ವಿಚಾರದಲ್ಲಂತೂ ಗೋಡೆಯಿಂದ ಬರುವ ಕೇಬಲ್ ಟಿ.ವಿ. ತಂತಿಯ ಸ್ಕ್ರೂ ಬಿಚ್ಚಿ ನೋಡುವುದು ಅಗತ್ಯ. ಆ ಒಂದು ತಂತಿ ತೆಗೆದೊಡನೆ ಹಮ್ ನಿಂತರೆ ಅಚ್ಚರಿಪಡಬೇಕಾಗಿಲ್ಲ. ನಗರದ ಮನೆಗಳಲ್ಲಿ ಹಮ್ ಒಳಬರುವ ಮುಖ್ಯ ಬಾಗಿಲುಗಳಲ್ಲಿ ಅದೂ ಒಂದು.

ಲ್ಯಾಪ್‌ಟಾಪ್ ಮೇಲೆ ಸಂಶಯವಿದ್ದರೆ ಅದರ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಹಾಡು ಹಾಕಿ. ಸದ್ದು ನಿಂತರೆ ಅದು ಚಾರ್ಜರ್ ಮೂಲಕ ಬರುತ್ತಿದೆ ಎಂಬುದು ಸಾಬೀತಾಯಿತು.

ಭೂಸಂಪರ್ಕ ಎರಡಾದಾಗ

ಒಂದು ತಂತಿ ಕಳಚಿದರೆ ಸದ್ದು ನಿಲ್ಲುವುದೇಕೆ? ಇದಕ್ಕೆ ತಂತ್ರಜ್ಞರು ಕೊಡುವ ಹೆಸರು ‘ಗ್ರೌಂಡ್ ಲೂಪ್’, ಅಂದರೆ ಅರ್ಥಿಂಗ್‌ನ ಉಂಗುರ.

ಮೂರು ಪಿನ್ನಿನ ಪ್ಲಗ್ ಇರುವ ಆಂಪ್ಲಿಫೈಯರ್ ಮನೆಯ ಅರ್ಥಿಂಗ್ ಮೂಲಕ ಭೂಮಿಯನ್ನು ಮುಟ್ಟಿರುತ್ತದೆ. ಕೇಬಲ್ ಟಿ.ವಿ. ತಂತಿಯ ಹೊರಕವಚ ಬೀದಿಯಲ್ಲಿ ಬೇರೆಲ್ಲೋ ಭೂಮಿಯನ್ನು ಮುಟ್ಟಿರುತ್ತದೆ. ಭೂಮಿ ಒಂದೇ ಆದರೂ ಈ ಎರಡು ಜಾಗಗಳ ವಿದ್ಯುತ್ ಮಟ್ಟ ಸರಿಸಮ ಇರುವುದಿಲ್ಲ. ಸೆಟ್‌ಟಾಪ್ ಬಾಕ್ಸನ್ನು ಆಂಪ್ಲಿಫೈಯರಿಗೆ ಜೋಡಿಸಿದ ಕೂಡಲೇ ಎರಡೂ ಅರ್ಥಿಂಗ್‌ಗಳು ಆ ಧ್ವನಿ ಕೇಬಲ್ಲಿನ ಹೊರಕವಚದ ಮೂಲಕ ಬೆಸೆದುಕೊಳ್ಳುತ್ತವೆ. ಎರಡು ಕೆರೆಗಳ ನಡುವೆ ಕಾಲುವೆ ತೋಡಿದರೆ ಮಟ್ಟ ಹೆಚ್ಚಿದ್ದ ಕಡೆಯಿಂದ ನೀರು ಹರಿಯುವಂತೆ ಈ ಕವಚದಲ್ಲಿ 50 ಹರ್ಟ್ಸ್ ವಿದ್ಯುತ್ ಹರಿಯತೊಡಗುತ್ತದೆ.

ಹರಿಯುವ ಪ್ರಮಾಣ ಅತ್ಯಲ್ಪ. ಆದರೆ ಆ ಕವಚವೇ ಧ್ವನಿ ಸಂಕೇತಕ್ಕೂ ಮರಳುದಾರಿ. ಕವಚದ ರೋಧ 0.1 ಓಮ್, ಹರಿಯುವ ವಿದ್ಯುತ್ 10 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ 1 ಮಿಲಿವೋಲ್ಟ್‌ನಷ್ಟು ಹಮ್ ಸಂಕೇತಕ್ಕೆ ಸೇರಿಕೊಳ್ಳುತ್ತದೆ. ಸಿ.ಡಿ. ಪ್ಲೇಯರ್ ಕೊಡುವ ಗರಿಷ್ಠ ಸಂಕೇತ ಸುಮಾರು 2 ವೋಲ್ಟ್. ಅದರ ಎರಡು ಸಾವಿರದಲ್ಲಿ ಒಂದು ಭಾಗ ಇದು. ಅಬ್ಬರದ ಹಾಡಿನಲ್ಲಿ ಮುಚ್ಚಿಹೋಗುವ ಈ ಸದ್ದು ರಾತ್ರಿಯ ನಿಶ್ಶಬ್ದದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಗಮನಿಸಿ, ಇಲ್ಲಿ ಯಾವ ಉಪಕರಣವೂ ಕೆಟ್ಟಿಲ್ಲ. ಕೆಟ್ಟಿರುವುದು ಅವುಗಳ ನಡುವಿನ ಜೋಡಣೆ. ಅಂಗಡಿಯಲ್ಲಿ ಇಲ್ಲದ ಸದ್ದು ಮನೆಯಲ್ಲಿ ಹುಟ್ಟುವುದರ ಗುಟ್ಟು ಇದೇ.

ಮೂರನೇ ಪಿನ್ ಏಕೆ ಕೀಳಬಾರದು?

ಉಂಗುರವನ್ನು ಎಲ್ಲಿ ತುಂಡರಿಸಿದರೂ ಹಮ್ ನಿಲ್ಲುತ್ತದೆ. ಪ್ಲಗ್ಗಿನ ಮೇಲ್ಭಾಗದ ದಪ್ಪ ಪಿನ್ ತೆಗೆದರೆ ಅಥವಾ ಮೂರು ಪಿನ್ನನ್ನು ಎರಡು ಪಿನ್ನಾಗಿಸುವ ಅಡಾಪ್ಟರ್ ಬಳಸಿದರೆ ಸದ್ದು ಹೋಗುವುದು ಇದರಿಂದಲೇ. ಆದರೆ ಹೋಗುವುದು ಸದ್ದು ಮಾತ್ರವಲ್ಲ, ರಕ್ಷಣೆಯೂ ಹೋಗುತ್ತದೆ.

ಒಳಗಿನ ಫೇಸ್ ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಗುಲಿದೆ ಎಂದುಕೊಳ್ಳಿ. ಅರ್ಥಿಂಗ್ ಸರಿಯಾಗಿದ್ದರೆ ಭಾರಿ ಪ್ರಮಾಣದ ವಿದ್ಯುತ್ ಆ ದಾರಿಯಲ್ಲಿ ಹರಿದು, ಫ್ಯೂಸ್ ಸುಟ್ಟು ಅಥವಾ ಎಂಸಿಬಿ ಬಿದ್ದು ಸಂಪರ್ಕ ಕಡಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಾವ ಸೂಚನೆಯೂ ಇಲ್ಲದೆ ಪೆಟ್ಟಿಗೆಯೇ 230 ವೋಲ್ಟ್‌ನಲ್ಲಿ ಕಾದು ಕುಳಿತಿರುತ್ತದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಮುಟ್ಟಿದವರ ದೇಹವೇ ಅದಕ್ಕೆ ಭೂಮಿಗಿಳಿಯುವ ದಾರಿಯಾಗುತ್ತದೆ.

ಇನ್ನೊಂದು ವಂಚನೆಯೂ ಇಲ್ಲಿದೆ. ಪಿನ್ ಕಿತ್ತ ಆಂಪ್ಲಿಫೈಯರ್ ಧ್ವನಿ ಕೇಬಲ್ಲಿನ ಕವಚದ ಮೂಲಕ ಇನ್ನೊಂದು ಉಪಕರಣದ ಅರ್ಥಿಂಗನ್ನು ಆಶ್ರಯಿಸಿ, ಸುರಕ್ಷಿತವಾಗಿರುವಂತೆ ತೋರುತ್ತಿರುತ್ತದೆ. ಮುಂದೊಂದು ದಿನ ಮನೆಯವರು ಯಾರೋ ಆ ಕೇಬಲ್ ಕಳಚಿದರೆ ಆ ಆಸರೆಯೂ ತಪ್ಪುತ್ತದೆ. ಕೇಬಲ್ ಇದ್ದರೂ ಕೂದಲೆಳೆಯಂಥ ಆ ಕವಚ ದೋಷದ ವಿದ್ಯುತ್ತನ್ನು ಹೊರುವಷ್ಟು ಗಟ್ಟಿಯಲ್ಲ, ಕಾದು ಸುಟ್ಟುಹೋಗಬಹುದು.

ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ತಂತಿ ಮಿತಿಮೀರಿ ಕಾಯುವುದನ್ನು ತಡೆಯುವುದು ಎಂಸಿಬಿಯ ಕೆಲಸ. ಮನುಷ್ಯನ ದೇಹದ ಮೂಲಕ ಹರಿಯುವ ಅಲ್ಪ ವಿದ್ಯುತ್ ಅದರ ಗಮನಕ್ಕೇ ಬರುವುದಿಲ್ಲ. ಪ್ರಾಣರಕ್ಷಣೆಗೆಂದೇ ಇರುವುದು 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ. ಅದು ನಿಮ್ಮ ಮನೆಯ ಮೇನ್ ಬೋರ್ಡಿನಲ್ಲಿ ಇದೆಯೇ ಎಂದು ಒಮ್ಮೆ ನೋಡುವುದು ಒಳಿತು.

ಅಂದಹಾಗೆ, ತಯಾರಿಕೆಯಿಂದಲೇ ಎರಡು ಪಿನ್ನಿನ ಪ್ಲಗ್ ಪಡೆದು ಬರುವ ಉಪಕರಣಗಳ ಮಾತು ಬೇರೆ. ಚೌಕದೊಳಗೊಂದು ಚೌಕದ ಚಿಹ್ನೆ ಅವುಗಳ ಮೇಲಿದ್ದರೆ ಅವಕ್ಕೆ ಇಮ್ಮಡಿ ನಿರೋಧಕ ಕವಚವಿದೆ, ಅರ್ಥಿಂಗ್ ಬೇಕಿಲ್ಲ ಎಂದರ್ಥ.

ಸುರಕ್ಷಿತ ದಾರಿಗಳು ಹಲವು

ಉಂಗುರವನ್ನು ತುಂಡರಿಸಬೇಕಾದದ್ದು ಅರ್ಥಿಂಗ್ ತಂತಿಯಲ್ಲಲ್ಲ, ಸಂಕೇತದ ದಾರಿಯಲ್ಲಿ. ಖರ್ಚಿಲ್ಲದ ಉಪಾಯದಿಂದಲೇ ಆರಂಭಿಸಬಹುದು. ಆಂಪ್ಲಿಫೈಯರ್, ಟಿ.ವಿ., ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ಎಲ್ಲವನ್ನೂ ಬೇರೆ ಬೇರೆ ಗೋಡೆಯ ಸಾಕೆಟ್‌ಗಳ ಬದಲು, ಸರಿಯಾದ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ. ಅರ್ಥಿಂಗ್ ಒಂದೇ ಆದಾಗ ಮಟ್ಟದ ವ್ಯತ್ಯಾಸ ಕುಗ್ಗುತ್ತದೆ. ಹಲವು ಮನೆಗಳಲ್ಲಿ ಇಷ್ಟರಿಂದಲೇ ಹಮ್ ಅಡಗುತ್ತದೆ. ಬೋರ್ಡಿನ ಮೇಲೆ ನಮೂದಿಸಿದ ಆಂಪಿಯರ್ ಮಿತಿ ಮಾತ್ರ ಮೀರದಿರಲಿ.

ಟಿ.ವಿ. ಅಥವಾ ಸೆಟ್‌ಟಾಪ್ ಬಾಕ್ಸ್‌ನಲ್ಲಿ ‘ಆಪ್ಟಿಕಲ್’ ಕಿಂಡಿಯಿದ್ದು, ಆಂಪ್ಲಿಫೈಯರಿನಲ್ಲೂ ಅದಿದ್ದರೆ ಅದನ್ನೇ ಬಳಸಿ. 1983ರಲ್ಲಿ ತೊಷಿಬಾ ಕಂಪೆನಿ ಬಳಕೆಗೆ ತಂದ ಈ ವಿಧಾನದಲ್ಲಿ ಧ್ವನಿ ಬೆಳಕಿನ ರೂಪದಲ್ಲಿ ಸಾಗುತ್ತದೆ. ಬೆಳಕಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಉಂಗುರ ತಾನಾಗಿ ಕಡಿದುಹೋಗುತ್ತದೆ.

ಆಪ್ಟಿಕಲ್ ಕಿಂಡಿ ಇಲ್ಲದವರು ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಪುಟ್ಟ ಸಾಧನವನ್ನು ಧ್ವನಿ ಕೇಬಲ್ಲಿನ ನಡುವೆ ಜೋಡಿಸಬಹುದು. ಇದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಧ್ವನಿಯನ್ನು ಮಾತ್ರ ದಾಟಿಸಿ, ತಂತಿಗಳ ನೇರ ಸಂಪರ್ಕವನ್ನು ತಪ್ಪಿಸುತ್ತದೆ. ತೀರಾ ಅಗ್ಗದವು ಮೃದಂಗ, ತಬಲಾದ ಆಳದ ನಾದವನ್ನು ತೆಳುವಾಗಿಸುವುದುಂಟು. ಹಮ್ ಕೇಬಲ್ ಟಿ.ವಿ. ತಂತಿಯಿಂದಲೇ ಬರುತ್ತಿದ್ದರೆ ಆ ತಂತಿಗೆ ಹಾಕುವ ಐಸೊಲೇಟರ್ ಕೂಡ ಸಿಗುತ್ತದೆ. ಆದರೆ ಡಿಟಿಎಚ್ ಇರುವವರು ಎಚ್ಚರ: ತಾರಸಿಯ ಡಿಶ್‌ಗೆ ಬೇಕಾದ ಡಿಸಿ ವಿದ್ಯುತ್ ಅದೇ ತಂತಿಯಲ್ಲಿ ಮೇಲೇರುತ್ತದೆ. ಸಾಮಾನ್ಯ ಐಸೊಲೇಟರ್ ಅದನ್ನು ತಡೆದು ಚಿತ್ರವೇ ಬರದಂತೆ ಮಾಡುತ್ತದೆ.

ಸಾಕೆಟ್ಟಿನ ಅರ್ಥಿಂಗ್ ಅಸಲಿಯೇ?

ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎನ್ನುವಂತಿಲ್ಲ. ಹಳೆಯ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ತಂತಿಯೇ ಇರದ ನಿದರ್ಶನಗಳುಂಟು. ಇನ್ನೂ ಅಪಾಯಕಾರಿಯಾದದ್ದು, ನ್ಯೂಟ್ರಲ್ ತಂತಿಯನ್ನೇ ಅಲ್ಲಿಗೆ ಬೆಸೆಯುವ ‘ಜಾಣತನ’. ಎಂದಾದರೂ ಆ ನ್ಯೂಟ್ರಲ್ ತುಂಡಾದರೆ ಮನೆಯಲ್ಲಿ ಅರ್ಥಿಂಗ್ ಹೊಂದಿದೆ ಎನಿಸಿದ ಪ್ರತಿಯೊಂದು ಪೆಟ್ಟಿಗೆಗೂ ಫೇಸ್ ಹರಿಯುತ್ತದೆ.

ಲೋಹದ ಪೆಟ್ಟಿಗೆ ಅಥವಾ ಲ್ಯಾಪ್‌ಟಾಪ್ ಮೇಲೆ ಬೆರಳು ಸವರಿದಾಗ ‘ಜುಮ್’ ಎಂದರೆ ನಿರ್ಲಕ್ಷಿಸಬೇಡಿ. ಅರ್ಥಿಂಗ್ ಇಲ್ಲದ ಕಡೆ ಚಾರ್ಜರ್‌ಗಳೊಳಗಿನ ಪುಟ್ಟ ಕೆಪಾಸಿಟರ್‌ಗಳಿಂದ ಅತ್ಯಲ್ಪ ವಿದ್ಯುತ್ ಹೊರಮೈಗೆ ಸೋರುವುದರಿಂದ ಹೀಗಾಗಬಹುದು. ಅದೇ ಸೋರಿಕೆ ಸ್ಪೀಕರಿನಲ್ಲಿ ಹಮ್ ಆಗಿಯೂ ಕೇಳಿಸುತ್ತದೆ. ಆದರೆ ಇದು ನಿರಪಾಯಕಾರಿ ಸೋರಿಕೆಯೋ ನಿಜವಾದ ದೋಷವೋ ಎಂಬುದನ್ನು ಬೆರಳಾಗಲಿ ಟೆಸ್ಟರಿನ ಮಿಣುಕು ದೀಪವಾಗಲಿ ಹೇಳಲಾರದು. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಅಳೆಸಿ. ಸ್ವಂತ ಮನೆಯಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯಿದ್ದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಮರೆಯಬೇಡಿ. ಮಣ್ಣು ಒಣಗಿದಂತೆ ಅದರ ರೋಧ ಏರುತ್ತದೆ.

ಫ್ಯಾನು, ಯುಪಿಎಸ್, ಮೊಬೈಲ್

ಹಮ್‌ಗಿಂತ ಹರಿತವಾದ, ಜೀರುಂಡೆಯಂಥ ‘ಝರ್’ ಸದ್ದು ಕೇಳಿಸಿದರೆ ತಲೆಯೆತ್ತಿ ಫ್ಯಾನ್ ನೋಡಿ. ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ವೇಗ ತಗ್ಗಿಸಲು ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 100 ಬಾರಿ ಕತ್ತರಿಸುತ್ತವೆ. ಆ ಕತ್ತರಿಯ ಸದ್ದೇ ತಂತಿಗಳ ಮೂಲಕ ಸ್ಪೀಕರ್ ತಲುಪುತ್ತದೆ. ಫ್ಯಾನ್ ಆರಿಸಿದಾಗ ಸದ್ದು ನಿಂತರೆ ಕಾರಣ ಸಿಕ್ಕಂತೆ. ಹಂತ ಹಂತವಾಗಿ ತಿರುಗುವ ಕೆಪಾಸಿಟರ್ ಮಾದರಿಯ ರೆಗ್ಯುಲೇಟರ್ ಹಾಕಿಸಿದರೆ ತೊಂದರೆ ನೀಗುತ್ತದೆ. ಬೆಳಕು ತಗ್ಗಿಸುವ ಡಿಮ್ಮರ್‌ಗಳದೂ ಇದೇ ಕತೆ.

ಕರೆಂಟ್ ಹೋದಾಗ ಮಾತ್ರ ಸದ್ದು ಕೇಳಿಸುತ್ತದೆಯೇ? ಹಾಗಿದ್ದರೆ ಯುಪಿಎಸ್ ಕಡೆ ನೋಡಬೇಕು. ಚೌಕಾಲೆ ಕೊಡುವ ಅಗ್ಗದ ಯುಪಿಎಸ್‌ಗಳ ವಿದ್ಯುತ್ತಿನಲ್ಲಿ 50 ಹರ್ಟ್ಸ್ ಜತೆಗೆ 150, 250, 350 ಹರ್ಟ್ಸ್‌ನ ಕಂಪನಗಳೂ ಬೆರೆತಿರುತ್ತವೆ. ‘ಸೈನ್ ವೇವ್’ ಮಾದರಿಯವುಗಳಲ್ಲಿ ಈ ಕಾಟ ಕಡಿಮೆ. ಇನ್ನು ಕರೆ ಬರುವ ತುಸು ಮುಂಚೆ ಸ್ಪೀಕರಿನಲ್ಲಿ ಕೇಳಿಸುವ ‘ಟಕ-ಟಕ-ಟರ್ರ್’ ಸದ್ದು 2ಜಿ ಮೊಬೈಲುಗಳ ಕಾಣಿಕೆ. ಅವು ಸೆಕೆಂಡಿಗೆ ಸುಮಾರು 217 ಬಾರಿ ರೇಡಿಯೊ ತರಂಗಗಳನ್ನು ತುಣುಕು ತುಣುಕಾಗಿ ಹೊಮ್ಮಿಸುತ್ತವೆ. ಫೋನನ್ನು ದೂರವಿಟ್ಟರೆ ಸಾಕು.

ಗ್ರಾಮಫೋನ್ ತಟ್ಟೆಗಳತ್ತ ಮರಳಿರುವವರಿಗೆ ಒಂದು ಕಿವಿಮಾತು. ಟರ್ನ್‌ಟೇಬಲ್‌ನ ಮುಳ್ಳು ಹುಟ್ಟಿಸುವ ಸಂಕೇತ ಕೆಲವೇ ಮಿಲಿವೋಲ್ಟ್‌ನಷ್ಟು. ಹಾಗಾಗಿ ಹಮ್ ಅದನ್ನು ಬಲುಬೇಗ ಆವರಿಸುತ್ತದೆ. ಅದರ ಜತೆ ಬರುವ ತೆಳ್ಳನೆಯ ಪ್ರತ್ಯೇಕ ತಂತಿಯನ್ನು ಆಂಪ್ಲಿಫೈಯರ್ ಹಿಂಬದಿಯ ‘ಗ್ರೌಂಡ್’ ತಿರುಪಿಗೆ ತಪ್ಪದೆ ಬಿಗಿಯಿರಿ. ಟರ್ನ್‌ಟೇಬಲನ್ನು ಆಂಪ್ಲಿಫೈಯರಿನ ಮೇಲೆ ಇಡಬೇಡಿ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ದೂರ ಹೆಚ್ಚಿದಂತೆ ಬೇಗನೆ ಕ್ಷೀಣಿಸುತ್ತದೆ. ಧ್ವನಿ ಕೇಬಲ್‌ಗಳನ್ನು ವಿದ್ಯುತ್ ವೈರುಗಳ ಜತೆ ಒಂದೇ ಕಟ್ಟಾಗಿ ಕಟ್ಟುವುದೂ ಸಲ್ಲದು.

ಹಿಸ್: ಪೂರ್ತಿ ಅಳಿಯದ ಸದ್ದು

ಯಾವುದೇ ರೆಸಿಸ್ಟರಿನೊಳಗೆ ಎಲೆಕ್ಟ್ರಾನ್‌ಗಳು ಉಷ್ಣದಿಂದಾಗಿ ಸದಾ ತುಡಿಯುತ್ತಿರುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಇದರ ಗಣಿತ ವಿವರಿಸಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಕೋಣೆಯ ಉಷ್ಣಾಂಶದಲ್ಲಿ 10 ಕಿಲೊಓಮ್ ರೆಸಿಸ್ಟರ್ ಒಂದು ಶ್ರವ್ಯ ವ್ಯಾಪ್ತಿಯಲ್ಲಿ ಸುಮಾರು 1.8 ಮೈಕ್ರೊವೋಲ್ಟ್ ಗದ್ದಲ ಹುಟ್ಟಿಸುತ್ತದೆ. ಇದನ್ನು ಯಾವ ತಂತಿ ಬದಲಿಸಿಯೂ ನಿವಾರಿಸಲಾಗದು. ಆದರೆ ಸಂಕೇತದ ಮುಂದೆ ಅದು ಎಷ್ಟು ದೊಡ್ಡದಾಗಿ ಕೇಳಿಸಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.

ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ವಾಲ್ಯೂಮ್ ಕಾಲುಭಾಗ ಇಟ್ಟು ಆಂಪ್ಲಿಫೈಯರಿನಲ್ಲಿ ಪೂರ್ತಿ ಏರಿಸಿದರೆ ಹಾಡಿನ ಜತೆ ಹಿಸ್ ಕೂಡ ಹಿಗ್ಗುತ್ತದೆ. ಬದಲಿಗೆ ಮೂಲದಲ್ಲಿ ಶೇ. 80-90ರಷ್ಟು ಇಟ್ಟು, ಆಂಪ್ಲಿಫೈಯರಿನಲ್ಲಿ ತಗ್ಗಿಸಿ. ಬಳಸದ ಮೈಕ್ ಗುಂಡಿ ಸೊನ್ನೆಯಲ್ಲಿರಲಿ, ‘ಟ್ರೆಬಲ್’ ಅತಿಯಾಗದಿರಲಿ. ಹಿಸ್ ಒಂದೇ ಸ್ಪೀಕರಿನಲ್ಲಿ ಜೋರಾಗಿದ್ದರೆ ಎಡ-ಬಲ ಕೇಬಲ್‌ಗಳನ್ನು ಅದಲುಬದಲು ಮಾಡಿ. ಸದ್ದು ಇನ್ನೊಂದು ಬದಿಗೆ ಹೋದರೆ ದೋಷ ಮೂಲದಲ್ಲಿದೆ. ಅಲ್ಲೇ ಉಳಿದರೆ ಆಂಪ್ಲಿಫೈಯರಿನಲ್ಲಿ.

ಹಳೆಯ ಕ್ಯಾಸೆಟ್‌ಗಳ ಹಿಸ್ ಟೇಪಿನಲ್ಲೇ ಅಡಗಿರುತ್ತದೆ. ಅದನ್ನು ತಗ್ಗಿಸಲೆಂದೇ 1968ರಲ್ಲಿ ‘ಡಾಲ್ಬಿ ಬಿ’ ಬಂತು. ಡಾಲ್ಬಿಯಲ್ಲಿ ಮುದ್ರಿಸಿದ ಕ್ಯಾಸೆಟ್ಟಿಗೆ ಮಾತ್ರ ಆ ಸ್ವಿಚ್ ಒತ್ತಬೇಕು. ಮಿಕ್ಕವಕ್ಕೆ ಒತ್ತಿದರೆ ಹಿಸ್ ಜತೆಗೆ ವೀಣೆಯ ಮಿಂಚೂ ಮಾಸುತ್ತದೆ.

ಹಾಡು ನಿಲ್ಲಿಸಿ, ವಾಲ್ಯೂಮ್ ಎಂದಿನಂತೆಯೇ ಇಟ್ಟು, ನೀವು ಸದಾ ಕೂರುವ ಜಾಗದಲ್ಲಿ ಕುಳಿತಾಗ ಹಿಸ್ ಕೇಳಿಸದಿದ್ದರೆ ಅಲ್ಲಿಗೆ ಸಾಕು. ಸ್ಪೀಕರಿಗೆ ಕಿವಿ ಅಂಟಿಸಿದಾಗ ಕೇಳಿಸುವ ಸದ್ದಿಗೆ ಹಣ ಸುರಿಯಬೇಕಿಲ್ಲ. ಹಮ್ ಮಾತ್ರ ಹಾಗಲ್ಲ. ಅದು ಮನೆಯ ವೈರಿಂಗ್ ಬಗ್ಗೆ ಏನನ್ನೋ ಹೇಳುತ್ತಿರಬಹುದು. ಯಾರಾದರೂ ಹಿಂದೆಂದೋ ಪಿನ್ ಕಿತ್ತಿಟ್ಟ ಪ್ಲಗ್ ನಿಮ್ಮ ಮನೆಯಲ್ಲಿದ್ದರೆ, ಇಂದೇ ಅದನ್ನು ಬದಲಿಸಿ. ಹೊಸ ಮೂರು ಪಿನ್ನಿನ ಪ್ಲಗ್ಗಿನ ಬೆಲೆ ಒಂದು ಹೊತ್ತಿನ ಊಟದ ಬೆಲೆಗಿಂತ ಹೆಚ್ಚೇನಲ್ಲ.